ಪದಚರ್ಚೆ: ‘ಜಿಗಿಹುಳು’ ಎಂದರೆ ಯಾವ ಹುಳು?

ಮಾನ್ಯರೆ,

ಗಿಡಗಳ ರಸ ಹೀರಿ ಬದುಕುವ, ಮುಟ್ಟಹೋದರೆ ಚಿಮ್ಮಿ ಮಾಯವಾಗುವ ಕೀಟಗಳ ಒಂದು ದೊಡ್ಡ ಗುಂಪಿನ ವೈವಿಧ್ಯ, ವರ್ಗೀಕರಣ ಮತ್ತು ವಿಕಾಸವನ್ನು ಕುರಿತು ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇವನ್ನು ಪ್ಲಾಂಟ್‌ಹಾಪರ್ ಎನ್ನುತ್ತಾರೆ. ಕೀಟಶಾಸ್ತ್ರದಲ್ಲಿ ಈ ಗುಂಪಿನ ಹೆಸರು ಫಲ್ಗೊರೊಮಾರ್ಫ. ಲೇಖನದ ಮೊದಲ ವಾಕ್ಯದಲ್ಲೇ ನಾನು ಎಡವಿ ನಿಂತಿದ್ದೇನೆ. ಕನ್ನಡದಲ್ಲಿ ಈ ಹುಳುವಿಗೆ ಹೆಸರಿಲ್ಲ ಎಂಬುದು ನನ್ನ ತೊಡಕಲ್ಲ. ಒಳ್ಳೆಯ, ಎಲ್ಲರ ಬಾಯಲ್ಲೂ ಇರುವ ಹೆಸರೇ ಇದೆ. ಆದರೆ ಅದೇ ಹೆಸರು ಇನ್ನೊಂದು ಗುಂಪಿಗೂ ಸಲ್ಲುತ್ತಿದೆ, ಮತ್ತು ಆ ಎರಡನ್ನೂ ಬೇರೆಬೇರೆಯಾಗಿ ಹೇಳದೆ ನನ್ನ ಲೇಖನ ಒಂದು ಹೆಜ್ಜೆಯೂ ಮುಂದೆ ಹೋಗದು.

ಬೆಳೆಗಳ ಕೀಟಗಳನ್ನು ಕುರಿತ ಕನ್ನಡ ಬರಹಗಳಲ್ಲಿ ‘ಕಂದು ಜಿಗಿಹುಳು’, ‘ಬಿಳಿ ಬೆನ್ನಿನ ಜಿಗಿಹುಳು’, ‘ಹಸಿರು ಜಿಗಿಹುಳು’, ‘ಮಾವಿನ ಜಿಗಿಹುಳು’ ಎಂಬ ಹೆಸರುಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಇವು ಒಂದೇ ಹುಳುವಿನ ನಾಲ್ಕು ಬಗೆಗಳು, ಬಣ್ಣದಲ್ಲೋ ಇರುವ ಗಿಡದಲ್ಲೋ ಮಾತ್ರ ವ್ಯತ್ಯಾಸ ಎಂದು ಓದುಗರಿಗೆ ಅನಿಸುವುದು ಸಹಜ. ನಿಜದಲ್ಲಿ ಮೊದಲ ಎರಡು ಡೆಲ್ಫಾಸಿಡೇ ಎಂಬ ಕುಟುಂಬದವು, ಆ ಕುಟುಂಬ ಫಲ್ಗೊರೊಮಾರ್ಫಕ್ಕೆ ಸೇರಿದ್ದು. ಕೊನೆಯ ಎರಡು ಸಿಕಾಡೆಲ್ಲಿಡೇ ಕುಟುಂಬದವು, ಅಂದರೆ ಮರದ ಮೇಲೆ ಕೂತು ಕಿವಿ ಗುಂಯ್‌ಗುಡಿಸುವ ಜೀರುಂಡೆಗಳಿರುವ ಸಿಕಾಡೊಮಾರ್ಫ ಎಂಬ ಬೇರೆಯೇ ಕವಲಿನವು. ಈ ಎರಡು ಕವಲುಗಳು ಪರ್ಮಿಯನ್ ಯುಗ ಮುಗಿಯುವ ಮೊದಲೇ, 25 ಕೋಟಿ ವರ್ಷಗಳಿಗಿಂತಲೂ ಹಿಂದೆ ದಾರಿ ಬೇರೆಮಾಡಿಕೊಂಡಿದ್ದವು. ಮನುಷ್ಯನ ವಂಶವೂ ಕಾಂಗರೂವಿನ ವಂಶವೂ ಅಗಲಿ ಸುಮಾರು 16 ಕೋಟಿ ವರ್ಷಗಳಾಗಿವೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ನಾವು ‘ಕಂದು’, ‘ಹಸಿರು’ ಎಂಬ ಎರಡು ಗುಣವಾಚಕಗಳ ಮೇಲೆ ಎಷ್ಟು ದೊಡ್ಡ ಹೊರೆ ಹೊರಿಸಿದ್ದೇವೆ ಎಂಬುದು ತಿಳಿಯುತ್ತದೆ.

ಹೊಲದಲ್ಲಿ ಕೆಲಸಮಾಡುವವರಿಗೆ ಈ ವ್ಯತ್ಯಾಸ ಕಾಣದು ಎಂದುಕೊಳ್ಳುವುದು ತಪ್ಪು. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳು ಬುಡದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಗುಂಪುಗುಂಪಾಗಿ ಅಂಟಿಕೊಂಡಿರುತ್ತದೆ. ಹಸಿರು ಜಿಗಿಹುಳು ಮೇಲಿನ ಎಲೆಗಳಲ್ಲಿ ಓಡಾಡಿಕೊಂಡಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರವೊಂದಿದ್ದರೆ ಉಳಿದದ್ದೂ ಕಾಣುತ್ತದೆ. ಕಂದು ಜಿಗಿಹುಳುವಿನ ಮುಖವನ್ನು ಪಕ್ಕದಿಂದ ನೋಡಿ: ಮೀಸೆ, ಅಂದರೆ ಪಠ್ಯಪುಸ್ತಕಗಳು ಸ್ಪರ್ಶಾಂಗ ಎನ್ನುವುದು, ಕಣ್ಣಿನ ನೇರ ಕೆಳಗೆ, ಕೆನ್ನೆಯ ಮೇಲೆ ಹುಟ್ಟುತ್ತದೆ. ಅದರ ಎರಡನೆಯ ಗೆಣ್ಣು ಉಬ್ಬಿಕೊಂಡಿರುತ್ತದೆ, ಮೈಮೇಲೆ ನರಹುಲಿಯಂಥ ಗುಳ್ಳೆಗಳಿರುತ್ತವೆ, ಅದರ ತುದಿಯಿಂದ ಕೂದಲಿನಷ್ಟು ತೆಳುವಾದ ಒಂದು ಎಳೆ ಹೊರಡುತ್ತದೆ. ಹಸಿರು ಜಿಗಿಹುಳುವಿನಲ್ಲಿ ಮೀಸೆ ಎರಡು ಕಣ್ಣುಗಳ ನಡುವೆ ಮುಂದಕ್ಕೆ ಹುಟ್ಟುತ್ತದೆ, ಬುಡದಲ್ಲಿ ಇಂಥ ಉಬ್ಬು ಇರುವುದಿಲ್ಲ. ಹಿಂಗಾಲನ್ನು ನೋಡಿದರೆ ಹಸಿರಿನದರಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಾಲುಸಾಲು ಮುಳ್ಳುಗಳಿವೆ. ಕಂದಿನದರಲ್ಲಿ ಅಂಥ ಸಾಲುಗಳಿಲ್ಲ, ಬದಲಿಗೆ ಹುಂಜದ ಕಾಲುಮುಳ್ಳನ್ನು ನೆನಪಿಸುವ, ಅತ್ತಿತ್ತ ಅಲುಗಾಡುವ ಒಂದೇ ಒಂದು ದೊಡ್ಡ ಮುಳ್ಳಿದೆ. ಮುಂರೆಕ್ಕೆಯ ಹಿಂಭಾಗದಲ್ಲಿ ಎರಡು ನರಗಳು ಕೂಡಿ ಕವಣೆಯ ಕವೆಯಂತಾಗುವುದು ಕೂಡ ಫಲ್ಗೊರೊಮಾರ್ಫದ ಗುರುತು. ಕಾಲುಮುಳ್ಳು ಡೆಲ್ಫಾಸಿಡೇ ಕುಟುಂಬಕ್ಕೆ ಮಾತ್ರ ಸೀಮಿತ. ಕೆನ್ನೆಯ ಮೇಲಿನ ಉಬ್ಬುಮೀಸೆ ಇಡೀ ಕವಲಿಗೆ ಸೇರಿದ್ದು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನನ್ನ ಪ್ರಶ್ನೆ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಇಂಗ್ಲಿಷಿನವರು ಈ ಬಳಗವನ್ನು ಪ್ಲಾಂಟ್‌ಹಾಪರ್, ಲೀಫ್‌ಹಾಪರ್, ಟ್ರೀಹಾಪರ್, ಫ್ರಾಗ್‌ಹಾಪರ್ ಎಂದು ಬಿಡಿಸಿಕೊಂಡಿದ್ದಾರೆ. ಅದನ್ನು ಹಾಗೆಯೇ ಎತ್ತಿ ಗಿಡಜಿಗಿ, ಎಲೆಜಿಗಿ, ಮರಜಿಗಿ, ಕಪ್ಪೆಜಿಗಿ ಎಂದು ಇಳಿಸಿದ್ದನ್ನು ನಾನು ಕಂಡಿದ್ದೇನೆ. ಮೊದಲು ನಾನೂ ಹಾಗೆಯೇ ಬರೆದೆ. ಬರೆದು ಒಂದು ವಾರ ಬಿಟ್ಟು ಓದಿದಾಗ ‘ಕಪ್ಪೆಜಿಗಿ’ ಎಂಬುದು ಮಕ್ಕಳ ಆಟದ ಹೆಸರಿನಂತೆ ಕೇಳಿಸಿತು. ಹೋಗಲಿ, ಕಿವಿಯ ವಿಷಯ ಬಿಡೋಣ. ಅರ್ಥದ ದೃಷ್ಟಿಯಿಂದಲೂ ಈ ವಿಂಗಡಣೆ ನಿಲ್ಲುವುದಿಲ್ಲ. ‘ಗಿಡಜಿಗಿ’ಗಳಲ್ಲಿ ಎಷ್ಟೋ ಮರದ ತೊಗಟೆಯ ಮೇಲೆ ಕೂರುತ್ತವೆ, ‘ಎಲೆಜಿಗಿ’ಗಳಲ್ಲಿ ಎಷ್ಟೋ ಹುಲ್ಲಿನ ಕಾಂಡದಲ್ಲಿರುತ್ತವೆ, ಮತ್ತು ‘ಮರಜಿಗಿ’ಗಳು ಎಲೆಜಿಗಿಗಳ ವಂಶದೊಳಗಿಂದಲೇ ಟಿಸಿಲೊಡೆದವು ಎಂದು ಈಚಿನ ಡಿಎನ್‌ಎ ಅಧ್ಯಯನಗಳು ತೋರಿಸುತ್ತಿವೆ. ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಇಟ್ಟ ಹೆಸರು ಯಾರ ಮಕ್ಕಳು ಎಂಬುದನ್ನು ಹೇಳಲಾರದು. ಇನ್ನು ‘ಸಸ್ಯಮಿಡತೆ’ ಎಂಬ ಅನುವಾದವನ್ನಂತೂ ಒಪ್ಪುವುದು ಸಾಧ್ಯವೇ ಇಲ್ಲ: ಮಿಡತೆಗೆ ಎಲೆ ಕತ್ತರಿಸಿ ಅಗಿಯುವ ದವಡೆಯಿದೆ, ಇವಕ್ಕೆ ಚುಚ್ಚಿ ಹೀರುವ ಕೊಕ್ಕಿದೆ, ಜಿಗಿಯುವುದೊಂದನ್ನು ಬಿಟ್ಟರೆ ಎರಡಕ್ಕೂ ಹೇಳಿಕೊಳ್ಳುವಂಥ ಹೋಲಿಕೆಯಿಲ್ಲ.

ಅಕ್ಕಪಕ್ಕದ ಭಾಷೆಗಳು ಏನು ಮಾಡಿವೆ ಎಂದು ನೋಡಿದೆ. ತಮಿಳಿನಲ್ಲಿ ಕಂದು ಜಿಗಿಹುಳುವಿಗೆ ‘ಪುಗೈಯಾನ್’ ಎಂಬ ಹೆಸರಿದೆ. ‘ಪುಗೈ’ ಎಂದರೆ ನಮ್ಮ ‘ಹೊಗೆ’ಯೇ. ಎಲೆಯ ಜಿಗಿಹುಳುವಿಗೆ ಅವರಲ್ಲಿ ‘ತತ್ತುಪ್ಪೂಚ್ಚಿ’, ಅಂದರೆ ಕುಪ್ಪಳಿಸುವ ಹುಳು. ತೆಲುಗಿನಲ್ಲಿ ಕಂದಿನದು ‘ಸುಡಿದೋಮ’. ಸುಡಿ ಎಂದರೆ ಸುಳಿ. ಈ ಹುಳು ಬಿದ್ದ ಪೈರು ನಡುನಡುವೆ ದುಂಡನೆಯ ಮಚ್ಚೆಗಳಾಗಿ ಒಣಗುತ್ತಾ, ಆ ಮಚ್ಚೆ ಸುಳಿಯಂತೆ ಅಗಲವಾಗುತ್ತಾ ಹೋಗುವುದನ್ನು ಕಂಡವರಿಗೆ ಹೆಸರಿನ ಸೊಗಸು ತಿಳಿಯುತ್ತದೆ. (ಕನ್ನಡಿಗರ ಕಿವಿಗೆ ‘ಸುಡಿ’ ಎಂಬುದು ‘ಸುಡು’ ಎಂದೇ ಕೇಳುತ್ತದೆ, ಪೈರು ಬೆಂಕಿಗೆ ಸಿಕ್ಕಂತೆ ಒಣಗುವುದರಿಂದ ಆ ತಪ್ಪು ಅರ್ಥವೂ ಅಚ್ಚುಕಟ್ಟಾಗಿ ಹೊಂದಿಬಿಡುತ್ತದೆ. ಇಂಥ ಕಡೆ ಪದದ ಹುಟ್ಟನ್ನು ಊಹಿಸುವವರು ಎಚ್ಚರವಾಗಿರಬೇಕು.) ಹಸಿರು ಜಿಗಿಹುಳುವನ್ನು ತೆಲುಗಿನವರು ‘ಪಚ್ಚದೀಪಪು ಪುರುಗು’ ಎನ್ನುತ್ತಾರೆ, ದೀಪಕ್ಕೆ ಬರುವ ಹಸಿರು ಹುಳು. ಜಪಾನೀ ಭಾಷೆಯಲ್ಲೂ ಎರಡಕ್ಕೆ ಎರಡು ಬೇರೆ ಹೆಸರು: ‘ಉಂಕ’ ಮತ್ತು ‘ಯೊಕೊಬಾಯ್’, ಎರಡನೆಯದಕ್ಕೆ ಅಡ್ಡಡ್ಡ ತೆವಳುವುದು ಎಂಬ ಅರ್ಥ. ಜರ್ಮನರು ಇಡೀ ಬಳಗವನ್ನು ‘ಜೀರುಂಡೆ’ ಎಂಬ ಒಂದೇ ಪದದಡಿ ತಂದು, ಫಲ್ಗೊರೊಮಾರ್ಫವನ್ನು ‘ಚೂಪುತಲೆಯ ಜೀರುಂಡೆ’ ಎಂದೂ ಇನ್ನೊಂದು ಕವಲನ್ನು ‘ಗುಂಡುತಲೆಯ ಜೀರುಂಡೆ’ ಎಂದೂ, ಡೆಲ್ಫಾಸಿಡೇ ಕುಟುಂಬವನ್ನು ‘ಕಾಲುಮುಳ್ಳಿನ ಜೀರುಂಡೆ’ ಎಂದೂ ಕರೆಯುತ್ತಾರೆ. ಇಷ್ಟು ಭಾಷೆಗಳಲ್ಲಿ ಬೇರೆಯಾಗಿರುವುದು ಕನ್ನಡದಲ್ಲಿ ಮಾತ್ರ ಒಂದಾಗಿ ಉಳಿದದ್ದೇಕೆ? ಆಡುಮಾತಿನಲ್ಲಿ ಎಲ್ಲೋ ಎರಡು ಹೆಸರು ಇದ್ದು, ಅಚ್ಚಿನಲ್ಲಿ ಮಾತ್ರ ‘ಜಿಗಿಹುಳು’ ಗೆದ್ದಿರಬಹುದೇ? ನಿಮ್ಮ ನಿಮ್ಮ ಕಡೆಯ ಮಾತಿನಲ್ಲಿ ಕೇಳಿದ ಹೆಸರುಗಳಿದ್ದರೆ ಮೊದಲು ಅವನ್ನು ತಿಳಿಸಿ. ನಾವು ಕೂತು ಕಟ್ಟುವ ಪದಕ್ಕಿಂತ ಅವು ಎಷ್ಟೋ ಮೇಲು.

‘ಜಿಗಿಹುಳು’ ಎಂಬ ಪದವನ್ನು ಬಿಡಿಸುವಲ್ಲೂ ನನಗೊಂದು ಅನುಮಾನವಿದೆ. ಕನ್ನಡದಲ್ಲಿ ‘ಜಿಗಿ’ ಎರಡಿವೆ: ಒಂದು ಕ್ರಿಯಾಪದ, ನೆಗೆ ಎಂಬ ಅರ್ಥದ್ದು, ಇನ್ನೊಂದು ನಾಮಪದ, ಅಂಟು, ಜಿಗುಟು ಎಂಬ ಅರ್ಥದ್ದು. ಹುಳು ಜಿಗಿಯುವುದರಿಂದ ಜಿಗಿಹುಳು ಎನ್ನುವುದೇ ಸರಳವಾದ ಬಿಡಿಸುವಿಕೆ, ನಾನು ಅದನ್ನೇ ಒಪ್ಪುತ್ತೇನೆ. ಆದರೆ ಈ ಹುಳುಗಳ ಬದುಕಿನಲ್ಲಿ ಅಂಟಿನ ಪಾತ್ರ ಸಣ್ಣದಲ್ಲ. ಇವುಗಳಲ್ಲಿ ಹೆಚ್ಚಿನವು ಹೀರುವುದು ಎಲೆಯಲ್ಲಿ ತಯಾರಾದ ಸಕ್ಕರೆ ಹರಿಯುವ ನಾಳದಿಂದ. ಆ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ, ಮೈ ಕಟ್ಟಲು ಬೇಕಾದ ಅಮೈನೊ ಆಮ್ಲಗಳು ತೀರ ಕಡಿಮೆ. ಹಾಗಾಗಿ ಹುಳು ರಸವನ್ನು ಮಿತಿಮೀರಿ ಹೀರಿ, ಉಳಿದ ಸಕ್ಕರೆಯನ್ನು ಅಂಟಂಟಾದ ಹನಿಗಳಾಗಿ ಹಿಂದಿನಿಂದ ಹೊರಬಿಡುತ್ತದೆ. ಕೆಳಗಿನ ಎಲೆಗಳು ಜಿಗಿಜಿಗಿಯಾಗುತ್ತವೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಈ ದ್ರವಕ್ಕೆ ಇಂಗ್ಲಿಷಿನ ಪದವನ್ನು ಮಕ್ಕಿಕಾಮಕ್ಕಿ ಇಳಿಸಿ ‘ಜೇನಿಬ್ಬನಿ’ ಎಂದದ್ದನ್ನೂ ಕಂಡಿದ್ದೇನೆ. ಅದರಲ್ಲಿ ಜೇನೂ ಇಲ್ಲ, ಇಬ್ಬನಿಯೂ ಇಲ್ಲ. ‘ಸಿಹಿಯಂಟು’ ಎಂದರೆ ಸಾಕಲ್ಲವೇ? ಒಟ್ಟಿನಲ್ಲಿ, ಜಿಗಿಹುಳುವನ್ನು ‘ಜಿಗಿ ಬಿಡುವ ಹುಳು’ ಎಂದು ಅರ್ಥಮಾಡಿಕೊಂಡು ಬಳಸುವವರು ಎಲ್ಲಾದರೂ ಇದ್ದಾರೆಯೇ ಎಂಬುದು ನನ್ನ ಎರಡನೆಯ ಪ್ರಶ್ನೆ. ಇದ್ದರೆ ಅವರು ಸಸ್ಯಹೇನು, ಹಿಟ್ಟು ತಿಗಣೆಗಳನ್ನೂ ಅದೇ ಹೆಸರಿನಿಂದ ಕರೆಯುತ್ತಿರಬೇಕು, ಏಕೆಂದರೆ ಅವೂ ಇದೇ ಅಂಟನ್ನು ಬಿಡುತ್ತವೆ.

ಈಗ ವೈವಿಧ್ಯದ ವಿಷಯ. (‘ವೈವಿಧ್ಯತೆ’ ಎಂದು ಬರೆಯಬೇಡಿ ಎಂದು ಹೇಳಿ ಹೇಳಿ ಸಾಕಾಗಿದೆ, ವಿವಿಧದಿಂದ ವೈವಿಧ್ಯ ಆದ ಮೇಲೆ ಅದಕ್ಕೆ ಮತ್ತೊಂದು ‘ತೆ’ ಅಂಟಿಸುವುದು ಟೊಪ್ಪಿಗೆಯ ಮೇಲೆ ಟೊಪ್ಪಿಗೆ ಇಟ್ಟಂತೆ.) ಫಲ್ಗೊರೊಮಾರ್ಫದಲ್ಲಿ ಇಂದು ಬದುಕಿರುವ ಕುಟುಂಬಗಳು ಇಪ್ಪತ್ತಕ್ಕೂ ಹೆಚ್ಚು, ಇದುವರೆಗೆ ವಿವರಿಸಿ ಹೆಸರಿಟ್ಟ ಪ್ರಭೇದಗಳು ಸುಮಾರು 14,000. ಡೆಲ್ಫಾಸಿಡೇ, ಸಿಕ್ಸಿಡೇ ಎಂಬ ಎರಡು ಕುಟುಂಬಗಳಲ್ಲೇ ತಲಾ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಪದದ ತೊಡಕು ಹುಟ್ಟುವುದು ಸಂಖ್ಯೆಯಿಂದಲ್ಲ, ರೂಪದಿಂದ. ಫ್ಲಾಟಿಡೇ ಕುಟುಂಬದವು ಅಗಲವಾದ ರೆಕ್ಕೆಗಳನ್ನು ಮನೆಯ ಮಾಡಿನಂತೆ ಇಳಿಬಿಟ್ಟು ಕೂತಿರುತ್ತವೆ. ನೋಡಿದವರು ಅದನ್ನು ಪತಂಗ ಎಂದೇ ಹೇಳುತ್ತಾರೆ. ಇಸ್ಸಿಡೇ ಕುಟುಂಬದವು ಗಿಡ್ಡಗೆ, ಗಡುಸಾಗಿ, ದುಂಬಿಯಂತಿರುತ್ತವೆ. ಡರ್ಬಿಡೇಗಳ ರೆಕ್ಕೆ ಮೈಯ ಎಷ್ಟೋ ಪಟ್ಟು ಉದ್ದ. ಅವುಗಳ ಮರಿಗಳು ಗಿಡದ ರಸವನ್ನು ಬಿಟ್ಟು, ಕೊಳೆತ ಮರದಲ್ಲಿರುವ ಶಿಲೀಂಧ್ರವನ್ನು ಹೀರುತ್ತವೆ. ಸಿಕ್ಸಿಡೇಗಳ ಮರಿಗಳು ಮಣ್ಣಿನೊಳಗೆ ಬೇರಿನ ರಸ ಕುಡಿದು ಬೆಳೆಯುತ್ತವೆ, ಮತ್ತು ಹವಾಯಿ ದ್ವೀಪಗಳ ಲಾವಾ ಗುಹೆಗಳಲ್ಲಿ ಕಣ್ಣನ್ನೇ ಕಳೆದುಕೊಂಡ ಸಿಕ್ಸಿಡೇಗಳಿವೆ. ಇವೆಲ್ಲಕ್ಕೂ ‘ಜಿಗಿಹುಳು’ ಎಂಬ ಹೆಸರು ಹೊಂದೀತೇ ಎಂದು ಅನುಮಾನಿಸುವವರಿಗೆ ನನ್ನ ಉತ್ತರ ಇಷ್ಟೇ: ಆ ಪತಂಗದಂಥದ್ದನ್ನು ಬೆರಳಿನಿಂದ ಮುಟ್ಟಿ ನೋಡಿ. ಪತಂಗ ಹಾರಿಹೋಗುತ್ತದೆ, ಇದು ಟಪ್ಪೆಂದು ಜಿಗಿದು, ಆಮೇಲೆ ರೆಕ್ಕೆ ಬಿಚ್ಚುತ್ತದೆ.

ಹೆಸರು ಹುಳುವಿನ ಮೇಲೆ ಸುಳ್ಳು ಹೇಳಿದ ಕಥೆಯೊಂದು ಈ ಗುಂಪಿನಲ್ಲೇ ಇದೆ. ದಕ್ಷಿಣ ಅಮೆರಿಕದ ಒಂದು ದೊಡ್ಡ ಜಿಗಿಹುಳುವಿನ ತಲೆ ಮುಂದಕ್ಕೆ ನೆಲಗಡಲೆ ಸಿಪ್ಪೆಯಂತೆ ಉಬ್ಬಿಕೊಂಡಿದೆ. ಸುರಿನಾಮಿಗೆ ಹೋಗಿ ಕೀಟಗಳ ಚಿತ್ರ ಬರೆದ ಮರಿಯ ಸಿಬಿಲ್ಲ ಮೆರಿಯನ್ ಎಂಬಾಕೆ 1705ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಆ ತಲೆ ರಾತ್ರಿ ದೀಪದಂತೆ ಬೆಳಗುತ್ತದೆ ಎಂದು ಬರೆದಳು. ಜೀವಿಗಳಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿಯನ್ನು ರೂಢಿಗೆ ತಂದ ಲಿನೇಯಸ್ ಅದನ್ನು ನಂಬಿ 1758ರಲ್ಲಿ ಈ ಹುಳುವಿಗೆ ‘ಲಾಟೀನಿನದು’ ಎಂಬ ಅರ್ಥದ ಹೆಸರಿಟ್ಟ. 1767ರಲ್ಲಿ ಅದರ ಕುಲಕ್ಕೆ ಮಿಂಚಿಗೆ ಸಂಬಂಧಿಸಿದ ರೋಮನ್ ದೇವತೆಯ ಹೆಸರನ್ನು, ಫಲ್ಗೊರ ಎಂದು ಕೊಟ್ಟ. ಅದರಿಂದಲೇ ಇಡೀ ಕವಲು ಫಲ್ಗೊರೊಮಾರ್ಫ ಆಯಿತು. ಆ ತಲೆ ಬೆಳಗುವುದಿಲ್ಲ. ಒಳಗೆ ದೀಪದ ಅಂಗವೂ ಇಲ್ಲ. ಇಂಗ್ಲಿಷಿನಲ್ಲಿ ಇಂದಿಗೂ ಈ ಹುಳುವಿನ ಕುಟುಂಬದವನ್ನು ಲ್ಯಾಂಟರ್ನ್ ಫ್ಲೈ ಎನ್ನುತ್ತಾರೆ. ಏಷ್ಯಾದ ಒಂದು ಚುಕ್ಕೆಯ ಪ್ರಭೇದ 2014ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿಕೊಂಡು ಹರಡತೊಡಗಿದ ಮೇಲೆ ಸುದ್ದಿಬರಹಗಳಲ್ಲಿ ‘ಲಾಟೀನು ನೊಣ’ ಎಂಬ ಕನ್ನಡ ರೂಪವೂ ತಲೆಹಾಕುವ ಸಂಭವವಿದೆ. ಅದು ಲಾಟೀನೂ ಅಲ್ಲ, ನೊಣವೂ ಅಲ್ಲ. ‘ಸೊಂಡಿಲ ಜಿಗಿಹುಳು’ ಎನ್ನೋಣವೆಂದರೆ, ಕೀಟಗಳ ಹೀರುವ ಬಾಯಿಗೂ ನಾವು ಸೊಂಡಿಲು ಎಂದೇ ಹೇಳುವುದರಿಂದ ಓದುಗರು ಆ ಉಬ್ಬಿನಿಂದಲೇ ಹುಳು ರಸ ಹೀರುತ್ತದೆ ಎಂದುಕೊಳ್ಳುತ್ತಾರೆ. ನಿಜವಾದ ಕೊಕ್ಕು ಹೊಟ್ಟೆಯಡಿಗೆ ಮಡಚಿಕೊಂಡಿರುತ್ತದೆ. ಸದ್ಯಕ್ಕೆ ನಾನು ‘ಮೂತಿ ಜಿಗಿಹುಳು’ ಎಂದು ಬರೆದಿದ್ದೇನೆ, ಅದರಿಂದ ನನಗೇ ತೃಪ್ತಿಯಿಲ್ಲ.

ಇದೇ ಮೂತಿಯ ಕುಟುಂಬದಲ್ಲಿ ಒಂದು ಕುಲದ ಹೆಸರು ಕಾಳಿದಾಸ! 1900ರಲ್ಲಿ ಕರ್ಕಾಲ್ಡಿ ಎಂಬ ಕೀಟತಜ್ಞ ಇಟ್ಟದ್ದು. ಈ ಹುಳುವಿನ ಮೂತಿಯ ತುದಿಯಿಂದ ತೆಳ್ಳನೆಯ ಕಡ್ಡಿಯೊಂದು ಮೇಲಕ್ಕೆ ಎದ್ದಿರುತ್ತದೆ. ಅದೇ ವರ್ಷ ಆತ ಎಲೆಯ ಜಿಗಿಹುಳುಗಳ ಒಂದು ಕುಲಕ್ಕೆ ‘ನಿರ್ವಾಣ’ ಎಂದು ಹೆಸರಿಟ್ಟ. 1906ರಲ್ಲಿ ಡಿಸ್ಟಂಟ್ ಎಂಬಾತ ‘ಕಿನ್ನರ’ ಎಂಬ ಕುಲವನ್ನೂ, ‘ನಿಲಪರ್ವತ’ ಎಂಬ ಕುಲವನ್ನೂ ಸ್ಥಾಪಿಸಿದ. ಕಂದು ಜಿಗಿಹುಳು ಈ ಎರಡನೆಯದಕ್ಕೆ ಸೇರಿದ್ದು. ಅದರ ಪ್ರಭೇದದ ಹೆಸರು ಲ್ಯೂಜೆನ್ಸ್, ಲ್ಯಾಟಿನಿನಲ್ಲಿ ಶೋಕಿಸುವುದು ಎಂದರ್ಥ. ಇಲ್ಲಿ ನನ್ನ ಪ್ರಶ್ನೆ ಲಿಪ್ಯಂತರದ್ದು. ಅಂತರರಾಷ್ಟ್ರೀಯ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ರೋಮನ್ ಅಕ್ಷರಕ್ಕೆ ನಿಷ್ಠರಾಗಿ ‘ನಿಲಪರ್ವತ’ ಎನ್ನಬೇಕೇ, ಅಥವಾ ನಮ್ಮ ಪದ ನಮಗೆ ಮರಳಿ ಬಂದಿದೆ ಎಂದು ‘ನೀಲಪರ್ವತ’ ಎಂದೇ ತಿದ್ದಿ ಬರೆಯಬಹುದೇ? ಕಿನ್ನರ ಕುಲದಿಂದ ಹೆಸರು ಪಡೆದ ಕುಟುಂಬವನ್ನು ‘ಕಿನ್ನರಿಡೇ’ ಎನ್ನುವುದಕ್ಕಿಂತ ‘ಕಿನ್ನರ ಕುಟುಂಬ’ ಎನ್ನುವುದು ಎಷ್ಟು ಸಲೀಸು! ಉಳಿದ ಕುಟುಂಬಗಳಿಗೆ ‘-ಇಡೇ’ ಇಟ್ಟು ಇದೊಂದಕ್ಕೆ ಬಿಟ್ಟರೆ ಸಂಪಾದಕರು ಒಪ್ಪಲಾರರು ಎಂಬ ಭಯವೂ ಇದೆ.

ಕಿನ್ನರರು ಬಂದ ಮೇಲೆ ಅಪ್ಸರೆಯರು ಬರದಿರುತ್ತಾರೆಯೇ? ಚಿಟ್ಟೆಗಿರುವಂಥ ಕೋಶದ ಹಂತವಿಲ್ಲದೆ ಬೆಳೆಯುವ ಕೀಟಗಳ ಎಳೆಯ ರೂಪಕ್ಕೆ ಗ್ರೀಕ್ ಮೂಲದ ‘ನಿಂಫ್’ ಎಂಬ ಪದವಿದೆಯಷ್ಟೆ; ಕನ್ನಡದ ಕೃಷಿ ಬರಹಗಳು ಅದನ್ನು ಅಕ್ಷರಶಃ ಅನುವಾದಿಸಿ ‘ಅಪ್ಸರೆ’ ಮಾಡಿವೆ. ‘ಅಪ್ಸರೆಗಳು ಮತ್ತು ಪ್ರೌಢ ಕೀಟಗಳು ರಸ ಹೀರುತ್ತವೆ’ ಎಂಬಂಥ ವಾಕ್ಯಗಳು ಅಷ್ಟು ರೂಢಿಯಾಗಿಬಿಟ್ಟಿವೆ ಎಂದರೆ ಅವನ್ನು ಓದಿ ಈಗ ಯಾರೂ ನಗುವುದಿಲ್ಲ. ನನಗೆ ಮಾತ್ರ ‘ಕಿನ್ನರ ಕುಟುಂಬದ ಗಂಡು ಅಪ್ಸರೆಗಳು’ ಎಂದು ಬರೆಯಬೇಕಾಗಿ ಬಂದಾಗ ಲೇಖನಿ ನಿಂತಿತು. ‘ಮರಿ’ ಎಂದರೆ ಮುಗಿಯಿತಲ್ಲ ಎನ್ನಬಹುದು. ಆದರೆ ಚಿಟ್ಟೆಯ ಎಳೆಯ ರೂಪವನ್ನು ‘ಮರಿಹುಳು’ ಎಂದು ಕರೆದು ರೂಢಿಯಾಗಿರುವುದರಿಂದ, ಜಿಗಿಹುಳುವಿನ ಮರಿ ಎಂದರೆ ಕಂಬಳಿಹುಳುವಿನಂಥದ್ದನ್ನು ಕಲ್ಪಿಸಿಕೊಳ್ಳುವ ಓದುಗರಿದ್ದಾರೆ. ಇನ್ನೊಂದು ತೊಡಕು ಕಂದು ಜಿಗಿಹುಳುವಿನದೇ. ಐದು ಸಲ ಪೊರೆ ಕಳಚಿ ಬೆಳೆದ ಮೇಲೂ ಅದು ಎರಡು ರೂಪಗಳಲ್ಲಿ ಹೊರಬರುತ್ತದೆ: ಉದ್ದ ರೆಕ್ಕೆಯದು ಗಾಳಿಯ ಜೊತೆ ದೂರ ಹೋಗುತ್ತದೆ, ಗಿಡ್ಡ ರೆಕ್ಕೆಯದು ಇದ್ದಲ್ಲೇ ಉಳಿದು ಮೊಟ್ಟೆಯಿಡುತ್ತದೆ. ಈ ಗಿಡ್ಡ ರೆಕ್ಕೆಯದನ್ನು ನೋಡಿದವರು ಇನ್ನೂ ಬೆಳೆಯದ ಮರಿ ಎಂದೇ ತಿಳಿಯುತ್ತಾರೆ. ಆದ್ದರಿಂದ ಎಳೆಯ ರೂಪಕ್ಕೆ ಗೊಂದಲವಿಲ್ಲದ ಒಂದು ಪದ ಬೇಕೇಬೇಕು. ‘ಎಳೆಹುಳು’ ಆದೀತೇ?

ಈ ಪದವನ್ನು ನಾನು ಮುಖ್ಯವಾಗಿ ಬಳಸಬೇಕಾಗಿರುವುದು ಇಡೀ ಲೇಖನದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗದಲ್ಲಿ. ಯುರೋಪಿನ ಇಸ್ಸಸ್ ಎಂಬ ಜಿಗಿಹುಳುವಿನ ಎಳೆಯ ರೂಪದಲ್ಲಿ, ಎರಡು ಹಿಂಗಾಲುಗಳ ಬುಡ ಒಂದಕ್ಕೊಂದು ತಾಗುವ ಕಡೆ ಒಂದೊಂದು ಬಾಗಿದ ಹಲ್ಲುಪಟ್ಟಿಯಿದೆ; ಪ್ರತಿಯೊಂದರಲ್ಲೂ ಹತ್ತು ಹನ್ನೆರಡು ಹಲ್ಲುಗಳು. ಜಿಗಿಯುವಾಗ ಒಂದರ ಹಲ್ಲು ಇನ್ನೊಂದರ ಸಂದಿನಲ್ಲಿ ಕೂತು ಎರಡೂ ಕಾಲುಗಳು ಸೆಕೆಂ‌ಡಿನ ಹತ್ತು ಲಕ್ಷದಲ್ಲಿ 30 ಪಾಲಿನಷ್ಟೂ ಹಿಂದುಮುಂದಾಗದಂತೆ ಒಟ್ಟಿಗೆ ಚಿಮ್ಮುತ್ತವೆ. ಒಂದು ಕಾಲು ತುಸು ಮೊದಲಾದರೂ ಹುಳು ಬುಗುರಿಯಂತೆ ತಿರುಗಿ ಎಲ್ಲೋ ಬೀಳುತ್ತಿತ್ತು. ಇಷ್ಟು ಬೇಗ ನರಗಳು ಸಂದೇಶ ಸಾಗಿಸಲಾರವು, ಹಲ್ಲುಗಳೇ ಆ ಕೆಲಸ ಮಾಡುತ್ತವೆ. ಕೇಂಬ್ರಿಡ್ಜಿನ ಬರೋಸ್ ಮತ್ತು ಸಟನ್ 2013ರಲ್ಲಿ ಇದನ್ನು ವಿವರಿಸಿದರು. ಕೊನೆಯ ಪೊರೆ ಕಳಚಿದಾಗ ಹಲ್ಲುಗಳೂ ಹೋಗುತ್ತವೆ, ಬೆಳೆದ ಹುಳುವಿನಲ್ಲಿ ಅವಿಲ್ಲ. ಎಳೆಯದರಲ್ಲಿ ಹಲ್ಲು ಮುರಿದರೆ ಮುಂದಿನ ಪೊರೆಯಲ್ಲಿ ಹೊಸದು ಬಂದೀತು, ಬೆಳೆದದ್ದರಲ್ಲಿ ಮುರಿದರೆ ಮುರಿದಂತೆಯೇ ಎಂಬುದು ಅವರು ಸೂಚಿಸಿದ ಕಾರಣಗಳಲ್ಲೊಂದು. ಇದಕ್ಕೆ ‘ಗೇರ್’ ಎಂದೇ ಬರೆಯಬೇಕೆ? ವಿಭಕ್ತಿ ಹಚ್ಚಿದೊಡನೆ ಅದು ‘ಗೇರಿನ ಹಲ್ಲು’ ಆಗಿ, ಗೇರುಮರವೋ ಯಂತ್ರವೋ ಎಂದು ಓದುಗರು ತಡವರಿಸುತ್ತಾರೆ. ‘ಹಲ್ಲುಚಕ್ರ’ ಎಂಬ ಪದ ಚೆನ್ನಾಗಿದೆಯಾದರೂ ಇದು ಪೂರ್ಣ ಚಕ್ರವಲ್ಲ. ಹೀಗಾಗಿ ‘ಹಲ್ಲುಪಟ್ಟಿ’ ಎಂದಿದ್ದೇನೆ.

ವರ್ಗೀಕರಣದ ಮೆಟ್ಟಿಲುಗಳ ಹೆಸರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇಲ್ಲಿ ಹಿಂದೆಯೂ ಜಗಳವಾಗಿದೆ. ಕೆಲವರು ‘ಜಾತಿ–ಪ್ರಭೇದ’ ಎನ್ನುತ್ತಾರೆ, ಕೆಲವರು ‘ಕುಲ–ಜಾತಿ’ ಎನ್ನುತ್ತಾರೆ. ಒಬ್ಬರ ಜಾತಿ ಇನ್ನೊಬ್ಬರ ಪ್ರಭೇದವಾಗುವುದರಿಂದ ನಾನು ‘ಜಾತಿ’ಯನ್ನೇ ಕೈಬಿಟ್ಟು ಕುಲ, ಪ್ರಭೇದ ಎಂದು ಬಳಸಿದ್ದೇನೆ. ಆದರೆ ಹಳೆಯ ಪುಸ್ತಕಗಳಿಂದ ಉಳಿದುಬಂದಿರುವ ‘ಸಮರೆಕ್ಕೆಯ ಕೀಟಗಳು’ ಎಂಬ ಗಣದ ಹೆಸರನ್ನು ಇನ್ನಾದರೂ ನಿಲ್ಲಿಸಬೇಕು. ಸಸ್ಯಹೇನು, ಜೀರುಂಡೆ, ಜಿಗಿಹುಳುಗಳನ್ನೆಲ್ಲ ಒಂದೇ ಗಣಕ್ಕೆ ಸೇರಿಸಿದ್ದ ಹೋಮಾಪ್ಟೆರ ಎಂಬ ವಿಭಾಗ 1990ರ ದಶಕದ ಡಿಎನ್‌ಎ ಅಧ್ಯಯನಗಳ ನಂತರ ನಿಲ್ಲಲಿಲ್ಲ. ಅದು ಒಂದೇ ತಾಯಿಯ ಮಕ್ಕಳ ಗುಂಪಾಗಿರಲಿಲ್ಲ. ಈಗ ಹೆಮಿಪ್ಟೆರ ಎಂಬ ಗಣದೊಳಗೆ ಕೊಕ್ಕು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಹೇಳುವ ಹೆಸರುಗಳಿವೆ: ಸಸ್ಯಹೇನು, ಬಿಳಿನೊಣಗಳಿರುವ ಉಪಗಣ ಸ್ಟರ್ನೊರಿಂಕ, ಅಂದರೆ ಎದೆಯ ಕೊಕ್ಕಿನವು, ಜೀರುಂಡೆ, ಜಿಗಿಹುಳುಗಳದು ಆಕೆನೊರಿಂಕ, ಅಂದರೆ ಕೊರಳ ಕೊಕ್ಕಿನವು. ಕನ್ನಡದ ಸಂಧಿ ಇಲ್ಲಿ ತಾನಾಗಿ ಕೈಹಿಡಿಯುತ್ತದೆ: ‘ಎದೆಗೊಕ್ಕಿನವು’, ‘ಕೊರಳ್ಗೊಕ್ಕಿನವು’. ಮೂಲದ ಗ್ರೀಕ್ ಪದಗಳಿಗಿಂತ ಇವೇ ಬೇಗ ಅರ್ಥವಾಗುತ್ತವೆ ಎಂದು ನನ್ನ ಎಣಿಕೆ.

ಕೊರಳ್ಗೊಕ್ಕಿನವೆಲ್ಲ ನಿಜವಾಗಿಯೂ ಒಂದೇ ಮೂಲದವೇ, ಅಂದರೆ ಜೀರುಂಡೆಯ ಕವಲೂ ಫಲ್ಗೊರೊಮಾರ್ಫವೂ ಅಕ್ಕತಂಗಿಯರೇ ಎಂಬ ವಿಷಯದಲ್ಲಿ ವಿದ್ವಾಂಸರು ದಶಕಗಳ ಕಾಲ ವಾದಿಸಿದ್ದಾರೆ. ಆ ವಾದಕ್ಕೆ ಸಿಕ್ಕ ಒಂದು ಸೊಗಸಾದ ಸಾಕ್ಷ್ಯ ಹುಳುಗಳ ಹೊಟ್ಟೆಯೊಳಗಿನದು. ಬರಿಯ ಸಕ್ಕರೆ ನೀರಿನ ಮೇಲೆ ಬದುಕುವ ಇವಕ್ಕೆ ಅಮೈನೊ ಆಮ್ಲಗಳನ್ನು ತಯಾರಿಸಿಕೊಡುವ ಸಲ್ಸಿಯ ಎಂಬ ಬ್ಯಾಕ್ಟೀರಿಯ ಎರಡೂ ಕವಲುಗಳಲ್ಲಿದೆ. ತಾಯಿಯಿಂದ ಮೊಟ್ಟೆಗೆ ದಾಟುತ್ತ, ಹುಳುಗಳ ವಂಶವೃಕ್ಷದ ಜೊತೆಜೊತೆಯಲ್ಲೇ ತಾನೂ ಕವಲೊಡೆಯುತ್ತ 26 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬಂದಿದೆ. ಅಂದರೆ ಎರಡೂ ಕವಲುಗಳ ಒಂದೇ ಅಜ್ಜಿ ಅದನ್ನು ಸಾಕಿಕೊಂಡಿದ್ದಳು. ಆದರೆ ಕಂದು ಜಿಗಿಹುಳು ಆ ಮನೆತನದ ಆಸ್ತಿಯನ್ನು ಕಳೆದುಕೊಂಡು, ಬದಲಿಗೆ ಯೀಸ್ಟನ್ನು ಹೋಲುವ ಒಂದು ಶಿಲೀಂಧ್ರವನ್ನು ಇಟ್ಟುಕೊಂಡಿದೆ. ಇಂಥ ಒಳಜೀವಿಗೆ ‘ಸಹಜೀವಿ’ ಎಂಬ ಪದ ರೂಢಿಯಲ್ಲಿದೆ, ಅದರಲ್ಲಿ ನನಗೆ ತಕರಾರಿಲ್ಲ. ಪಳೆಯುಳಿಕೆಗಳ ಕಡೆಯಿಂದ ನೋಡಿದರೆ, ಬರ್ಮಾದ ಸುಮಾರು 9.9 ಕೋಟಿ ವರ್ಷ ಹಳೆಯ ಅಂಬರಿನಲ್ಲಿ, ಅಂದರೆ ಕಲ್ಲಾದ ಮರದಂಟಿನಲ್ಲಿ, ಇಂದು ಇಲ್ಲದ ಹಲವು ಜಿಗಿಹುಳು ಕುಟುಂಬಗಳು ಸಿಕ್ಕಿವೆ. ಅವುಗಳಲ್ಲೊಂದಕ್ಕೆ ಜೇಡನನ್ನು ಅನುಕರಿಸುವುದು ಎಂಬ ಅರ್ಥದ ಹೆಸರಿದೆ. ಡೆಲ್ಫಾಸಿಡೇಗಳು ಹುಲ್ಲುಗಳು ಹರಡಿದಂತೆ ಅವುಗಳ ಜೊತೆ ಕವಲೊಡೆದು ಹೆಚ್ಚಿದವು. ಬಹುಕಾಲ ಎಲ್ಲಕ್ಕಿಂತ ಪ್ರಾಚೀನ ಎಂದು ತಿಳಿದಿದ್ದ ಟೆಟ್ಟಿಗೊಮೆಟ್ರಿಡೇ ಎಂಬ ಕುಟುಂಬ, ಇರುವೆಗಳು ಕಾಯುವ ಪುಟ್ಟ ಗಿಡ್ಡ ಹುಳುಗಳದ್ದು, ಡಿಎನ್‌ಎ ನೋಡಿದಾಗ ಈಚೆಗೆ ಕವಲೊಡೆದ ಕುಟುಂಬಗಳ ನಡುವೆ ಹೋಗಿ ಕೂತಿತು. ಬುಡದ ಹತ್ತಿರದ ಕೊಂಬೆಗಳು ಡೆಲ್ಫಾಸಿಡೇ ಮತ್ತು ಸಿಕ್ಸಿಡೇ ಎಂದು ತಿಳಿದುಬಂತು. ಈ ಕಾರಣಕ್ಕೇ ‘ಆದಿಮ’, ‘ಮುಂದುವರಿದ’ ಎಂಬ ವಿಶೇಷಣಗಳನ್ನು ಲೇಖನದಿಂದ ತೆಗೆದುಹಾಕಿ ‘ಮೊದಲು ಕವಲೊಡೆದ’, ‘ಆಮೇಲೆ ಕವಲೊಡೆದ’ ಎಂದು ಬದಲಿಸಿದ್ದೇನೆ.

ಇನ್ನು ನನ್ನ ಮುಖ್ಯ ಪ್ರಶ್ನೆ. ‘ಜಿಗಿಹುಳು’ ಎಂಬುದನ್ನು ಎರಡೂ ಕವಲುಗಳಿಗೆ ಸಲ್ಲುವ ಸಾಮಾನ್ಯ ಪದವಾಗಿ ಇದ್ದಂತೆಯೇ ಉಳಿಸಿಕೊಳ್ಳುವುದು ಸರಿ ಎಂದು ನನಗನಿಸುತ್ತದೆ. ಜನ ಬಳಸುವ ಪದದ ಅರ್ಥವನ್ನು ಕಿರಿದುಮಾಡಿ ‘ಇನ್ನು ಮೇಲೆ ಇದಕ್ಕೆ ಮಾತ್ರ’ ಎಂದರೆ ಯಾರೂ ಕೇಳುವುದಿಲ್ಲ. ಬೇಕಾಗಿರುವುದು ಫಲ್ಗೊರೊಮಾರ್ಫಕ್ಕೆ ಒಂದು ವಿಶೇಷಣ. ಅದು ಬಣ್ಣದ್ದಾಗಲಿ ಕೂರುವ ಜಾಗದ್ದಾಗಲಿ ಆಗಿರಬಾರದು. ಜರ್ಮನರ ಚೂಪುತಲೆ ಕೂಡ ಎಲ್ಲ ಕುಟುಂಬಗಳಿಗೆ ಹೊಂದುವುದಿಲ್ಲ. ಇಡೀ ಕವಲಿನಲ್ಲಿ ಇದ್ದು, ಕೈಮಸೂರ ಹಿಡಿದವರೆಲ್ಲರಿಗೂ ಕಾಣುವ ಗುರುತು ಎಂದರೆ ಕಣ್ಣಿನ ಕೆಳಗಿನ ಆ ಉಬ್ಬುಮೀಸೆ. ಹಾಗಾಗಿ ‘ಕೆನ್ನೆಮೀಸೆಯ ಜಿಗಿಹುಳು’ ಎಂದು ಪ್ರಯೋಗಿಸಿ ನೋಡುತ್ತಿದ್ದೇನೆ, ಡೆಲ್ಫಾಸಿಡೇಗೆ ‘ಕಾಲುಮುಳ್ಳಿನ ಜಿಗಿಹುಳು’ ಎಂದು. ಕೆನ್ನೆಮೀಸೆ ಎಂದೊಡನೆ ಹಳೆಯ ಭಾವಚಿತ್ರಗಳಲ್ಲಿನ ಗಂಡಸರ ಮುಖ ಕಣ್ಮುಂದೆ ಬರುತ್ತದೆ ಎಂದು ಇದನ್ನು ಓದಿದ ಗೆಳೆಯರೊಬ್ಬರು ನಕ್ಕರು. ನಕ್ಕವರು ಮರೆಯಲಿಲ್ಲ ಎಂಬುದನ್ನೂ ಗಮನಿಸಿದ್ದೇನೆ.

ಲೇಖನದ ಮೊದಲ ವಾಕ್ಯ ಸದ್ಯಕ್ಕೆ ಹೀಗಿದೆ: ‘ಕೆನ್ನೆಮೀಸೆಯ ಜಿಗಿಹುಳುಗಳು ಕೊರಳ್ಗೊಕ್ಕಿನ ಕೀಟಗಳ ಎರಡು ಕವಲುಗಳಲ್ಲಿ ಒಂದು, ಇನ್ನೊಂದರಲ್ಲಿ ಜೀರುಂಡೆಗಳೂ ಎಲೆಯ ಜಿಗಿಹುಳುಗಳೂ ಇವೆ.’ ಇದನ್ನು ಮೊದಲ ಬಾರಿ ಓದುವವರು ಯಾವ ಪದದ ಬಳಿ ನಿಲ್ಲುತ್ತಾರೆ, ಮತ್ತು ಅದರ ಬದಲಿಗೆ ನೀವಾದರೆ ಏನು ಬರೆಯುತ್ತಿದ್ದಿರಿ?